ಪಾವನಾ ಬರೆದ ರಿವ್ಯೂ

ಪಾವನಾ ಬಹಳ ಜಾಣೆ ಎಂದು ಈಗ ಕೆಲವರು ಹೇಳುತ್ತಾರೆ. ಅವಳನ್ನು ಹುಟ್ಟಿದಾಗಿನಿಂದ ಬಲ್ಲ ನಾನು ಹಾಗೆ ಹೇಳಲಾರೆ. ಅವಳು ಚುರುಕಿನ ಹುಡುಗಿಯಲ್ಲ. ಒಂದು ಲೆಕ್ಕವನ್ನು ಎರಡು ಸಲ ಮಾಡಿ, ಎರಡು ಸಲವೂ ಒಂದೇ ಉತ್ತರ ಬಂದರೆ, ಸಂಶಯದಿಂದ ಬೇರೆ ದಾರಿಯಲ್ಲಿ ಇನ್ನೊಮ್ಮೆ ಮಾಡುವವಳು. ಮದುವೆಮನೆಯಲ್ಲಿ ಯಾರಾದರೂ "ಹೇಗಿದ್ದೀ?" ಎಂದು ಕೇಳಿದರೆ ಯೋಚಿಸಿ ಉತ್ತರ ಕೊಡುತ್ತಿದ್ದಳು, ಅಷ್ಟರಲ್ಲಿ ಕೇಳಿದವರು ಊಟದ ಪಂಕ್ತಿಗೆ ಹೋಗಿ ಕೂತಿರುತ್ತಿದ್ದರು. ಅವಳಲ್ಲಿ ಇದ್ದ ಒಂದೇ ಗುಣ, ಅದನ್ನು ಗುಣ ಎನ್ನುವುದಾದರೆ, ತಪ್ಪು ಕಂಡಲ್ಲಿ ಸುಮ್ಮನಿರಲು ಆಗದಿರುವುದು. ತಮ್ಮದೇ ಮನೆಯ ನೀರಿನ ಮೀಟರು ನಿಧಾನವಾಗಿ ಓಡುತ್ತಿದೆ ಎಂದು ಫ್ಲ್ಯಾಟಿನ ಅಸೋಸಿಯೇಷನ್ನಿಗೆ ಹೋಗಿ ಹೇಳಿ, ಅಪ್ಪನಿಂದ ಬೈಸಿಕೊಂಡವಳು ಅವಳು.

ಅವಳ ತಾಯಿ ನಿರ್ಮಲ ನನ್ನ ಚಿಕ್ಕಮ್ಮನ ಮಗಳು. ತಂದೆ ವೆಂಕಟರಮಣ ಪುತ್ತೂರಿನ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಕೊಚ್ಚಿಗೆ ವರ್ಗವಾಗಿ ಬಂದವರು ಮಗಳ ಶಾಲೆ ಕೆಡಬಾರದೆಂದು ಬಡ್ತಿ ಬಿಟ್ಟು ಅಲ್ಲೇ ಉಳಿದರು. ಎಡಪ್ಪಳ್ಳಿಯ ಮಾಲ್ ಕಟ್ಟುವ ಮೊದಲೇ ಅದರ ಹಿಂದಿನ ಬೀದಿಯಲ್ಲಿ ಫ್ಲ್ಯಾಟು ಕೊಂಡಿದ್ದರು. ನಾನು ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಮಾಡಿ, ನಿವೃತ್ತಳಾದ ಮೇಲೆ ತಿರುವನಂತಪುರದಲ್ಲೇ ಇದ್ದುಬಿಟ್ಟವಳು. ಹೀಗಾಗಿ ಎರಡೂ ಊರುಗಳಲ್ಲಿ ನಡೆದದ್ದು ನನಗೆ ಗೊತ್ತು. ನನ್ನೆದುರು ನಡೆಯದಿದ್ದುದನ್ನು ಪಾವನಾಳೇ ಹೇಳಿದ್ದಾಳೆ. ಅವಳಿಗೆ ಬಣ್ಣ ಕಟ್ಟಿ ಹೇಳಲು ಬರುವುದಿಲ್ಲವಾದ್ದರಿಂದ ನಾನು ಅದನ್ನು ನಂಬುತ್ತೇನೆ.

ಎಂಎಸ್‌ಸಿ ಮುಗಿದಾಗ ಅವಳಿಗೆ ಪಿಎಚ್‌ಡಿ ಗೈಡ್ ಹುಡುಕಿಕೊಟ್ಟವರು ತಂದೆ. ಕೊಚ್ಚಿಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರೊಫೆಸರ್ ಉಮಾಮಹೇಶ್ವರ ಭಾಷಣಕ್ಕೆ ಬಂದಿದ್ದರು. ಧಾರವಾಡದವರು, ಕೊಚ್ಚಿಯದೇ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಮುದ್ರ ವಿಜ್ಞಾನದ ದೊಡ್ಡ ಹೆಸರು. ಊಟದ ಹೊತ್ತಿಗೆ ವೆಂಕಟರಮಣ ಅವರ ಪಕ್ಕದ ಕುರ್ಚಿ ಹಿಡಿದರು.

"ಸಾರ್, ಮಗಳು ಒಬ್ಬಳು ಉಂಟು. ಅವಳಿಗೆ ಈ ಹಿನ್ನೀರು, ಕೆಸರು, ಇದರದ್ದೇ ಮರ್ಲು. ಬ್ಯಾಂಕ್ ಪರೀಕ್ಷೆ ಬರಿ ಅಂದ್ರೆ ಕೇಳುದಿಲ್ಲ."

"ಕಳಸ್ರೀ, ನೋಡೋಣು. ನಮ್ಮ ಮಂದಿ ಮಗಳು ಅಂದ್ರ ನಮ್ಮ ಮಗಳಿದ್ದಂಗ," ಎಂದರು ಉಮಾಮಹೇಶ್ವರ.

ಮನೆಗೆ ಬಂದು ವೆಂಕಟರಮಣ ಹೆಂಡತಿಗೆ, "ನಮ್ಮವರು ಮಾರಾಯ್ತಿ. ಇನ್ನು ಚಿಂತೆ ಇಲ್ಲ," ಎಂದರಂತೆ. ಪರಸ್ಥಳದಲ್ಲಿ ಕನ್ನಡ ಮಾತಾಡುವವರೆಲ್ಲ ನಮ್ಮವರು ಎಂದುಕೊಳ್ಳುವುದು ವರ್ಗಾವಣೆಯ ನೌಕರಿಯವರ ಹಳೆಯ ರೋಗ. ನನಗೂ ಕೆಲವು ವರ್ಷ ಇತ್ತು, ಆಮೇಲೆ ವಾಸಿಯಾಯಿತು.

ಉಮಾಮಹೇಶ್ವರರಿಗೆ ಇನ್ನೊಂದು ಹೆಸರೂ ಇತ್ತು. ಯುವ ಸಂಶೋಧಕರಿಗೆ ವೃತ್ತಿ ಕೌಶಲ್ಯ ಕಲಿಸುವ ಕಾರ್ಯಾಗಾರಗಳನ್ನು ಅವರಷ್ಟು ಚೆನ್ನಾಗಿ ನಡೆಸುವವರು ಕೇರಳದಲ್ಲಿ ಇರಲಿಲ್ಲ. ತಿರುವನಂತಪುರದಲ್ಲಿ ನಡೆದ ಒಂದಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪ್ರಬಂಧದ ಸಾರಾಂಶ ಹೇಗೆ ಬರೆಯಬೇಕು, ಸಮ್ಮೇಳನದಲ್ಲಿ ಹಿರಿಯರ ಬಳಿ ಹೋಗಿ ಹೇಗೆ ಮಾತು ಶುರುಮಾಡಬೇಕು, ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಹೇಗೆ ಒಪ್ಪಿಕೊಳ್ಳಬೇಕು, ಎಲ್ಲವನ್ನೂ ಚೊಕ್ಕವಾಗಿ ಹೇಳಿದರು. ಬೇರೆಯವರ ಪ್ರಬಂಧವನ್ನು ರಿವ್ಯೂ ಮಾಡುವುದರ ಬಗ್ಗೆ ಅವರು ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಪತ್ರಿಕೆಗೆ ಬಂದ ಪ್ರಬಂಧವನ್ನು ಅಚ್ಚಿಗೆ ಮುಂಚೆ ಇನ್ನೊಬ್ಬ ತಜ್ಞರಿಗೆ ಗುಟ್ಟಾಗಿ ಕಳಿಸುತ್ತಾರೆ; ಓದಿದವರ ಹೆಸರು ಬರೆದವರಿಗೆ ತಿಳಿಯುವುದಿಲ್ಲ. "ಹೆಸರು ಇಲ್ಲದಲ್ಲಿ ಮನುಷ್ಯ ಹ್ಯಾಂಗ ಇರ್ತಾನ, ಅದೇ ಅವನ ನಿಜವಾದ ಯೋಗ್ಯತೆ. ನೀವು ತಿರಸ್ಕಾರ ಮಾಡಿದರೂ, ಬರದಾಂವಗ ನಿಮ್ಮ ರಿವ್ಯೂದಿಂದ ಉಪಕಾರ ಆಗಬೇಕು," ಎಂದರು ಅವರು. ಪಾವನಾ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡಳು.

ಅವರು ಹೇಳದಿದ್ದ ಮಾತೆಂದರೆ, ತಮಗೆ ಬರುವ ರಿವ್ಯೂಗಳನ್ನು ಅವರು ಮಾಡುತ್ತಿರಲಿಲ್ಲ ಎಂಬುದು. ಪತ್ರಿಕೆಯಿಂದ ಕೋರಿಕೆ ಬಂದರೆ ಒಪ್ಪಿ, ಲ್ಯಾಬಿನ ಒಬ್ಬ ವಿದ್ಯಾರ್ಥಿಗೆ ದಾಟಿಸುತ್ತಿದ್ದರು. ವಿದ್ಯಾರ್ಥಿ ಅವರದೇ ಲಾಗಿನ್‌ನಿಂದ ಒಳಹೊಕ್ಕು, ಓದಿ, ಬರೆದು, ಅವರ ಹೆಸರಿನಲ್ಲಿ ಕಳಿಸಿಬಿಡಬೇಕು. ಪಾಸ್‌ವರ್ಡ್ ಲ್ಯಾಬಿನ ಎಲ್ಲರಿಗೂ ಗೊತ್ತಿತ್ತು. ಇದಕ್ಕೆ ಅಲ್ಲಿ ಟ್ರೇನಿಂಗ್ ಎನ್ನುತ್ತಿದ್ದರು. ಈ ಪದ್ಧತಿ ಅವರೊಬ್ಬರದಲ್ಲ. ದೇಶದ ತುಂಬ ನಡೆಯುತ್ತದೆ, ಹೊರದೇಶದಲ್ಲೂ ನಡೆಯುತ್ತದೆ. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಮಾತಾಡುವುದಿಲ್ಲ.

ಪಾವನಾ ಇದರಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಚುರುಕಿನವರು ಅರ್ಧ ದಿನದಲ್ಲಿ ಮುಗಿಸುವುದನ್ನು ಅವಳು ವಾರ ಹಿಡಿದು ಮಾಡುತ್ತಿದ್ದಳು. ಹಾಗಾಗಿ ಒಳ್ಳೆಯ ಪತ್ರಿಕೆಗಳಿಂದ ಬಂದದ್ದೆಲ್ಲ ಅವಳ ಪಾಲಿಗೇ ಬೀಳತೊಡಗಿತು. "ಪಾವನಾ ಅಂದ್ರ ನನ್ನ ಬಲಗೈ," ಎಂದು ಉಮಾಮಹೇಶ್ವರ ಸಂಘದಲ್ಲಿ ವೆಂಕಟರಮಣರ ಮುಂದೆ ಹೇಳಿದಾಗ ಅವರು ಇಡೀ ವಾರ ಅದನ್ನೇ ಹೇಳಿಕೊಂಡು ತಿರುಗಿದರು.

ಅವಳ ಸ್ವಂತ ಕೆಲಸ ಹೀಗಿತ್ತು. ಕೊಚ್ಚಿಯಿಂದ ವೈಕಂ ಕಡೆಗೆ ಹೋಗುವ ಹಿನ್ನೀರಿನ ತಳದ ಕೆಸರಿನಲ್ಲಿ ಕೊಳೆತದ್ದೆಲ್ಲ ಮೀಥೇನ್ ಅನಿಲವಾಗಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ಭೂಮಿ ಬಿಸಿಯಾಗುವುದರಲ್ಲಿ ಅದಕ್ಕೂ ಪಾಲಿದೆ. ಆದ್ದರಿಂದ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ತಿಳಿಯಬೇಕು. ಪಾವನಾ ವರ್ಷ ವರ್ಷವೂ ಮಳೆಗಾಲವೆಲ್ಲ ದೋಣಿಯಲ್ಲಿ ಕೂತು, ಇಡೀ ಉಬ್ಬರವಿಳಿತ ಒಂದು ಸುತ್ತು ಮುಗಿಯುವವರೆಗೆ ಅಳೆದಳು. ಅವಳು ಕಂಡುಕೊಂಡದ್ದು ಸರಳ. ನೀರು ಪೂರ್ತಿ ಇಳಿದಾಗ ಕೆಸರಿನ ಮೇಲಿನ ಭಾರ ಕಡಿಮೆಯಾಗಿ ಗುಳ್ಳೆ ಹೆಚ್ಚು ಏಳುತ್ತದೆ. ಆದರೆ ಯಾವಾಗ ನೀರು ಇಳಿದಿದೆ ಎಂದು ತಿಳಿಯಲು ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ಸಮುದ್ರದ ನೀರು ಒಳನಾಡಿಗೆ ತಲುಪುವುದು ಬಹಳ ತಡವಾಗಿ. ಬಂದರಿನಲ್ಲಿ ಉಬ್ಬರ ಏರುತ್ತಿರುವಾಗ ಒಳಗೆ ಇನ್ನೂ ಇಳಿಯುತ್ತಿರುತ್ತದೆ. ದೋಣಿಯಲ್ಲಿ ಕೂತವರಿಗೆ ಕಣ್ಣಿಗೆ ಕಾಣುವ ಸಂಗತಿ. ಕಂಪ್ಯೂಟರ್ ಮುಂದೆ ಕೂತವರಿಗೆ ಕಾಣುವುದಿಲ್ಲ.

ಇದನ್ನು ಅವಳು ಪ್ರಬಂಧವಾಗಿ ಬರೆದು ಗೈಡ್‌ಗೆ ಕೊಟ್ಟಳು. ಮೊದಲ ಲೇಖಕಿಯಾಗಿ ಅವಳ ಹೆಸರಿನ ಮೊದಲ ಮುಖ್ಯ ಪ್ರಬಂಧ. ಮುಂದಿನ ವರ್ಷ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಖಾಯಂ ವಿಜ್ಞಾನಿಯ ಹುದ್ದೆ ಇದೆ, ಅವಳ ವಿಷಯಕ್ಕೇ ಹೊಂದುವಂಥದ್ದು, ಎಂದು ಆಗಲೇ ಸುದ್ದಿಯಿತ್ತು. ಅಂಥ ಹುದ್ದೆ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಪ್ರಬಂಧ ಅಚ್ಚಾಗಿದ್ದರೆ ಅವಳಿಗೆ ಸಿಗುವ ಸಾಧ್ಯತೆ ಇತ್ತು, ಆಗದಿದ್ದರೆ ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಗೈಡ್‌ಗೂ ಗೊತ್ತಿತ್ತು. ಆದರೂ ಪ್ರಬಂಧ ಅವರ ಬಳಿ ಓದದೆ ಬಿದ್ದಿತ್ತು. ಕೇಳಿದಾಗಲೆಲ್ಲ "ನೋಡತೇನಿ, ನೋಡತೇನಿ. ಅವಸರ ಮಾಡಬ್ಯಾಡ. ಒಳ್ಳೇ ಕೆಲಸ ಕೊಳೆಯೂದಿಲ್ಲ," ಎನ್ನುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳಿಗೆ ಇನ್ನೊಂದು ರಿವ್ಯೂ ದಾಟಿ ಬಂತು. ತೆರೆದು ನೋಡಿದರೆ ಅದೇ ಹಿನ್ನೀರು, ಅದೇ ಮೀಥೇನ್. ಬರೆದವರು ತಿರುವನಂತಪುರದ ತಂಡ, ಅದರ ಮುಖ್ಯಸ್ಥೆ ಡಾಕ್ಟರ್ ಸುಮಿತ್ರ ಎಂಬ ಮೈಸೂರಿನ ಮಹಿಳೆ. ಅವರಲ್ಲಿದ್ದ ಉಪಕರಣ ಪಾವನಾಳದ್ದಕ್ಕಿಂತ ಬಹಳ ಒಳ್ಳೆಯದು, ಅಳತೆಗಳು ನಿಖರ. ಆದರೆ ಸಮಯಕ್ಕೆ ಬಂದರಿನ ಪಟ್ಟಿಯನ್ನೇ ನಂಬಿಬಿಟ್ಟಿದ್ದರು. ಹಾಗಾಗಿ ಗುಳ್ಳೆ ಏಳುವುದು ನೀರು ಏರುವಾಗ ಎಂಬ ತಲೆಕೆಳಗಾದ ನಿರ್ಣಯಕ್ಕೆ ಬಂದು, ಅದಕ್ಕೊಂದು ದೊಡ್ಡ ವಿವರಣೆಯನ್ನೂ ಹೊಸೆದಿದ್ದರು.

ಪಾವನಾ ಎದ್ದು ಗೈಡ್ ಬಳಿ ಓಡಿದಳು. ಅವರು ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಹೊರಟು ಕಾರಿನ ಬಾಗಿಲು ತೆಗೆದಿದ್ದರು.

"ಸರ್, ಈ ರಿವ್ಯೂ ನಾವು ಮಾಡ್ಲಿಕ್ಕಾಗುದಿಲ್ಲ. ಇದು ನಮ್ಮದೇ ವಿಷಯ."

"ನಮ್ಮ ವಿಷಯ ಅಂತನ ನಮಗ ಕಳಸ್ಯಾರವಾ. ಅಡಿಗಿ ವಿಷಯ ಕಳಸ್ತಾರೇನು?"

"ಅಲ್ಲ ಸರ್, ನಮ್ಮ ಪ್ರಬಂಧದಲ್ಲಿ ಇರುವುದೇ..."

"ಬರದು ಹಾಕು. ಹದಿನೈದು ದಿವಸ ಕೊಟ್ಟಾರ, ತಡ ಮಾಡಬ್ಯಾಡ. ನನ್ನ ಹೆಸರು ಕೆಡತೈತಿ." ಕಾರು ಹೊರಟಿತು.

ಅಂದು ಮಧ್ಯಾಹ್ನ ಫೋರ್ಟ್ ಕೊಚ್ಚಿಯ ಜೆಟ್ಟಿಯ ಬಳಿ, ಸ್ಯಾಂಪಲ್ ಡಬ್ಬಿಗಳನ್ನು ಪಕ್ಕಕ್ಕಿಟ್ಟು ಚಾಯ ಕುಡಿಯುತ್ತ ಅವಳು ಲ್ಯಾಬಿನ ಗೆಳತಿ ನಿಶಾಳಿಗೆ ಹೇಳಿದಳು. ನಿಶಾ ಆಲಪ್ಪುಳದ ಹುಡುಗಿ, ಬಾಯಿ ಜೋರು. ಅವರ ಮಾತು ಮಲಯಾಳದಲ್ಲಿ ನಡೆದದ್ದು. ಅದರ ತಿರುಳು ಇಷ್ಟು.

"ಎಡೀ, ದೇವರು ನಿನ್ನ ಮನೆ ಬಾಗಿಲು ತಟ್ಟಿದ್ದಾನೆ, ನೀನು ಯಾರು ಅಂತ ಕೇಳ್ತಿದ್ದೀಯ," ಎಂದಳು ನಿಶಾ. "ಪ್ರಬಂಧ ತಪ್ಪು ತಾನೆ?"

"ನಿರ್ಣಯ ತಪ್ಪು."

"ಹಾಗಾದರೆ ತಪ್ಪು ಅಂತ ಬರೆ, ತಿರಸ್ಕರಿಸು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ಅವರು ಇನ್ನೊಂದು ಪತ್ರಿಕೆಗೆ ಕಳಿಸುವಷ್ಟರಲ್ಲಿ ನಿನ್ನದು ಅಚ್ಚಾಗುತ್ತದೆ."

"ಯಾಕೆ ತಪ್ಪು ಅಂತ ಬರೆಯಬೇಕಲ್ಲ."

"ಯಾಕೆ ಬರೆಯಬೇಕು? 'ವಿವರಣೆ ಒಪ್ಪುವಂತಿಲ್ಲ' ಅಂತ ಒಂದು ಸಾಲು ಸಾಕು. ನಮ್ಮ ಪ್ರಬಂಧಗಳನ್ನು ಹೀಗೇ ಅಲ್ಲವಾ ಬೇರೆಯವರು ಕೊಲ್ಲುವುದು?"

"ಅಳತೆ ಎಲ್ಲ ಸರಿ ಇದೆ ನಿಶಾ. ಸಮಯ ಮಾತ್ರ ಜಾರಿದೆ. ಸಮಯ ಸರಿ ಮಾಡಿದರೆ ಎಷ್ಟು ಚಂದ ಕೂರುತ್ತದೆ ಗೊತ್ತಾ? ನನ್ನದಕ್ಕಿಂತ ಚಂದ."

ನಿಶಾ ಗ್ಲಾಸು ಕೆಳಗಿಟ್ಟು ಅವಳ ಮುಖ ನೋಡಿದಳಂತೆ. "ನಿನಗೆ ಹುಚ್ಚು, ಮೋಳೇ. ಹೋಗಿ ತಲೆಗೆ ಎಣ್ಣೆ ಹಾಕಿಕೋ."

ಪಾವನಾ ಬರೆದಳು. ಗೈಡ್ ಕಲಿಸಿದಂತೆಯೇ ಬರೆದಳು. ಅಳತೆಯನ್ನು ಹೊಗಳಿದಳು, ನಿರ್ಣಯದ ದೋಷ ತೋರಿಸಿದಳು, ದೋಷದ ಮೂಲ ಎಲ್ಲಿದೆ ಎಂದು ಹೇಳಿದಳು. ಬಂದರಿನ ಗಡಿಯಾರ ಹಿನ್ನೀರಿಗೆ ನಡೆಯುವುದಿಲ್ಲ ಎಂದು ಒಂದು ಸಾಲಿನಲ್ಲಿ ಬರೆದು, ಒಳಗಿನ ಸಮಯವನ್ನು ಹೇಗೆ ಲೆಕ್ಕ ಹಾಕಬೇಕೆಂದೂ ಸೂಚಿಸಿದಳು. ನಾಲ್ಕು ವರ್ಷ ದೋಣಿಯಲ್ಲಿ ಕೂತು ಕಲಿತದ್ದು ಒಂದೂವರೆ ಪುಟದಲ್ಲಿ ಮುಗಿಯಿತು. ಅವಧಿಗೆ ಮೊದಲೇ ಕಳಿಸಿದಳು. ಪತ್ರಿಕೆಯ ಸಂಪಾದಕರಿಗೆ ಗುಟ್ಟಾಗಿ ಬರೆಯುವ ಜಾಗವೊಂದು ಇರುತ್ತದೆ. ಅಲ್ಲಿ, ಇದೇ ವಿಷಯದ ಪ್ರಬಂಧ ನಮ್ಮಲ್ಲೂ ಸಿದ್ಧವಾಗಿದೆ ಎಂದು ತಿಳಿಸಬಹುದಿತ್ತು, ತಿಳಿಸಬೇಕಿತ್ತು. ಆದರೆ ಬರೆದರೆ ಗೈಡ್ ಹೆಸರಿನಲ್ಲಿ ಬರೆದಂತೆ, ಅವರನ್ನು ಕೇಳದೆ ಹೇಗೆ ಎಂದು ಬಿಟ್ಟಳು. ಕೇಳಲು ಅವರು ಊರಲ್ಲಿರಲಿಲ್ಲ. ಇದು ಅವಳ ತಪ್ಪು. ಇಂಥ ತಪ್ಪು ಮಾಡಬೇಕಾದರೂ ವರ್ಷಗಟ್ಟಲೆ ಶಿಸ್ತು ಕಲಿತಿರಬೇಕು.

ಸುಮಿತ್ರರ ತಂಡ ಸಮಯವನ್ನು ಸರಿಪಡಿಸಿತು. ನಿರ್ಣಯ ತಿರುಗಿ ನಿಂತಿತು. ಪ್ರಬಂಧ ಬಹುಬೇಗ ಅಚ್ಚಾಯಿತು, ದಿನಪತ್ರಿಕೆಗಳಲ್ಲೂ ಸುದ್ದಿಯಾಯಿತು. ಕೊನೆಯಲ್ಲಿ, ಹೆಸರು ತಿಳಿಯದ ರಿವ್ಯೂಕಾರರೊಬ್ಬರಿಗೆ ಕೃತಜ್ಞತೆ ಎಂದು ಒಂದು ಸಾಲು ಇತ್ತು. ಅದೇ ತಿಂಗಳು ಉಮಾಮಹೇಶ್ವರರು ಪಾವನಾಳ ಪ್ರಬಂಧವನ್ನು ಕಡೆಗೂ ಓದಿ, ಎರಡು ಕಡೆ ಅಲ್ಪವಿರಾಮ ಬದಲಾಯಿಸಿ, ಕಳಿಸಲು ಅನುಮತಿ ಕೊಟ್ಟರು. ಹೊಸತೇನೂ ಇಲ್ಲ ಎಂದು ಅದು ವಾಪಸು ಬಂತು. ಇನ್ನೊಂದು ಪತ್ರಿಕೆಯಿಂದಲೂ ಬಂತು.

"ಅವರು ಮೊದಲ ಮಾಡಿಬಿಟ್ರು. ವಿಜ್ಞಾನದಾಗ ಹಿಂಗ ಆಗ್ತಿರತೈತಿ," ಎಂದರು ಉಮಾಮಹೇಶ್ವರ.

"ಸರ್, ಅವರದ್ದು ನಮ್ಮಲ್ಲೇ ರಿವ್ಯೂಗೆ ಬಂದಿತ್ತು."

"ಹೌದೇನು? ನನಗ ಹೇಳಬೇಕಿಲ್ಲೇನು ನೀ?"

ಅದೇ ವರ್ಷ, ಸುಮಿತ್ರರ ಪ್ರಬಂಧ ಅಚ್ಚುಮಾಡಿದ ಪತ್ರಿಕೆ ಉಮಾಮಹೇಶ್ವರರಿಗೆ ಉತ್ತಮ ರಿವ್ಯೂಕಾರ ಎಂಬ ಪ್ರಶಸ್ತಿಪತ್ರ ಕಳಿಸಿತು. ಸಂಸ್ಥೆಯಲ್ಲಿ ಚಿಕ್ಕ ಸಮಾರಂಭವಾಯಿತು, ಉಣ್ಣಿಯಪ್ಪದ ಸಿಹಿ ಹಂಚಿದರು. ಮುಂದಿನ ಕಾರ್ಯಾಗಾರಗಳಲ್ಲಿ ಅವರು ಆ ಪ್ರಶಸ್ತಿಪತ್ರವನ್ನು ಪರದೆಯ ಮೇಲೆ ತೋರಿಸತೊಡಗಿದರು.

ತಿರುವನಂತಪುರದ ಹುದ್ದೆಗೆ ಪಾವನಾ ಅರ್ಜಿ ಹಾಕಿದಳು. ಥೀಸಿಸ್ ಆಗಷ್ಟೆ ಸಲ್ಲಿಸಿದ್ದಳು. ಅದರ ಮುಖ್ಯ ಅಧ್ಯಾಯ ಅದೇ ಮೀಥೇನ್. ಸಂದರ್ಶನಕ್ಕೆ ಕರೆ ಬಂತು. ಹಿಂದಿನ ಸಂಜೆ ವಂದೇ ಭಾರತ್ ರೈಲಿನಲ್ಲಿ ಬಂದು ನಮ್ಮ ಮನೆಯಲ್ಲಿ ಉಳಿದಳು. ನಾನು ಅವಳನ್ನು ಕೂರಿಸಿ ಕಠಿಣವಾಗಿ ಪ್ರಶ್ನೆ ಕೇಳಿದೆ. ಚೆನ್ನಾಗಿಯೇ ಉತ್ತರಿಸಿದಳು. ಸಮಿತಿಯಲ್ಲಿ ಸುಮಿತ್ರ ಇರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಅವರು ಕೇಳ್ತಾರೆ ದೊಡ್ಡಮ್ಮ, ನಿನ್ನದರಲ್ಲಿ ಹೊಸತೇನು ಅಂತ."

"ಏನು ಹೇಳ್ತೀ?"

"ಇದ್ದದ್ದನ್ನು. ನಾನು ಸ್ವಂತವಾಗಿ ಅಳೆದದ್ದು, ದಿನಾಂಕ ಎಲ್ಲ ಇದೆ. ಇಬ್ಬರು ಬೇರೆ ಬೇರೆ ಅಳೆದು ಒಂದೇ ಉತ್ತರ ಬಂದರೆ ಅದು ಉತ್ತರಕ್ಕೆ ಒಳ್ಳೆಯದು."

ಒಳ್ಳೆಯ ಉತ್ತರ. ಅಷ್ಟಕ್ಕೇ ನಿಂತಿದ್ದರೆ ಹುದ್ದೆ ಸಿಗುತ್ತಿತ್ತೋ ಏನೋ.

ಸಂದರ್ಶನ ಇಂಗ್ಲಿಷಿನಲ್ಲಿ ನಡೆಯಿತು. ಸುಮಿತ್ರ ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರು, ಪಾವನಾ ಸಿದ್ಧ ಮಾಡಿದ ಉತ್ತರವನ್ನೇ ಕೊಟ್ಟಳು. ಅಧ್ಯಕ್ಷರು ತಲೆಯಾಡಿಸಿದರು. ಸಮಯದ ವ್ಯತ್ಯಾಸವನ್ನು ಸ್ವಲ್ಪ ವಿವರಿಸಿ ಎಂದರು ಸುಮಿತ್ರ. ಪಾವನಾಳ ಮುಖ ಅರಳಿರಬೇಕು. ಅವಳಿಗೆ ತಡವರಿಸದೆ ಮಾತು ಬರುವ ವಿಷಯ ಅದೊಂದೇ. ವಿವರಿಸುತ್ತ, ಬಂದರಿನ ಗಡಿಯಾರ ಹಿನ್ನೀರಿಗೆ ನಡೆಯುವುದಿಲ್ಲ ಎಂದಳು.

ಸುಮಿತ್ರ ಪೆನ್ನು ಕೆಳಗಿಟ್ಟರು. "ಈ ವಾಕ್ಯ ನಮಗೆ ಬಂದ ರಿವ್ಯೂನಲ್ಲಿ ಇತ್ತು. ಅಕ್ಷರಶಃ. ಅದು ನಮ್ಮ ಪ್ರಬಂಧದಲ್ಲಿ ಇಲ್ಲ. ನೀವು ಆ ರಿವ್ಯೂ ನೋಡಿದ್ದೀರಾ?"

ಇಲ್ಲ ಎನ್ನಬಹುದಿತ್ತು. ನನ್ನ ಗೈಡ್ ಲ್ಯಾಬಿನಲ್ಲಿ ಯಾವಾಗಲೂ ಹೇಳುವ ಮಾತು ಎನ್ನಬಹುದಿತ್ತು. ಚುರುಕಿನವರಿಗೆ ಇವೆಲ್ಲ ಹೊಳೆಯುತ್ತವೆ.

"ನೋಡಿದ್ದೇನೆ. ಅದನ್ನು ಬರೆದವಳು ನಾನು," ಎಂದಳು ಪಾವನಾ.

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಅಂದರೆ ಗುಟ್ಟಾಗಿ ಬಂದ ಪ್ರಬಂಧವನ್ನು ನಿಮ್ಮ ಗೈಡ್ ನಿಮಗೆ ಓದಲು ಕೊಟ್ಟರು?"

"ಹೌದು."

"ಓದಿದಾಗ ನಿಮ್ಮ ಸ್ವಂತ ಪ್ರಬಂಧ ಎಲ್ಲೂ ಅಚ್ಚಾಗಿರಲಿಲ್ಲ?"

"ಇಲ್ಲ."

"ಅದಾದ ಮೇಲೆ ಅದೇ ವಿಷಯ ನಿಮ್ಮ ಥೀಸಿಸ್‌ನಲ್ಲಿ ಬಂದಿದೆ?"

"ಹೌದು."

ಮೂರೂ ನಿಜವಾದ ಉತ್ತರ. ಮೂರನ್ನೂ ಕೂಡಿಸಿದರೆ ಅವಳು ಕಳ್ಳಿಯಾದಳು. ಕೊಟ್ಟವಳು ತೆಗೆದುಕೊಂಡವಳಾದಳು. ಲ್ಯಾಪ್‌ಟಾಪ್ ತೆರೆದು ತನ್ನ ಅಳತೆಗಳ ದಿನಾಂಕ ತೋರಿಸುತ್ತೇನೆ ಎಂದಳು. ಅಧ್ಯಕ್ಷರು ಸಭ್ಯವಾಗಿ ಕೈಯೆತ್ತಿದರು. "ಇದು ಆಯ್ಕೆ ಸಮಿತಿ, ಮಿಸ್ ಪಾವನಾ. ವಿಚಾರಣಾ ಸಮಿತಿ ಅಲ್ಲ. ನಿಮ್ಮ ಗೈಡ್ ಅವರನ್ನು ನಾವು ಕೇಳುತ್ತೇವೆ."

ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಊಟಕ್ಕೆ ಕೂತು ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಅಳಲಿಲ್ಲ. "ಸರ್ ಹೇಳಿದರೆ ಸರಿಯಾಗ್ತದೆ. ಅವರಿಗೆ ಗೊತ್ತುಂಟಲ್ಲ," ಎಂದಳು. ನಾನು ಸಾರು ಬಡಿಸಿದೆ. ಅವರು ಏನು ಹೇಳುತ್ತಾರೆಂದು ನನಗೆ ಆಗಲೇ ಗೊತ್ತಾಗಿತ್ತು, ಹೇಳಿಯೂ ಹೇಳಿದೆ. ಅವಳು ನಂಬಲಿಲ್ಲ.

ಅಧ್ಯಕ್ಷರು ಕೇಳಿದ್ದಕ್ಕೆ ಉಮಾಮಹೇಶ್ವರ ಅದೇ ದಿನ ಉತ್ತರ ಕೊಟ್ಟಿದ್ದರು. ರಿವ್ಯೂಗಳನ್ನೆಲ್ಲ ತಾವೇ ಮಾಡುವುದು, ವಿದ್ಯಾರ್ಥಿಗಳು ಅವನ್ನು ಕಣ್ಣಿನಿಂದಲೂ ನೋಡುವುದಿಲ್ಲ, ಹುಡುಗಿ ಹೇಗೋ ತಮ್ಮ ಲಾಗಿನ್ ಬಳಸಿರಬಹುದು ಎಂದು. ಮಾರನೆಯ ದಿನ ಕೊಚ್ಚಿಯಲ್ಲಿ ಅವಳನ್ನು ಕೋಣೆಗೆ ಕರೆದು ಕೂರಿಸಿದರು. ಬೈಯಲಿಲ್ಲ, ಚಾಯ ತರಿಸಿದರು.

"ಯಾಕವಾ, ಇಷ್ಟು ವರ್ಷ ನಾ ಕಲಿಸಿದ್ದು ಇದೇನು?"

"ಸರ್, ನೀವು ಹೇಳಿದ್ದು ಸುಳ್ಳಲ್ವಾ?"

"ಸುಳ್ಳು ಹ್ಯಾಂಗ ಆಕ್ಕೈತಿ? ಲಾಗಿನ್ ನಂದು, ಹೆಸರು ನಂದು, ಲ್ಯಾಬ್ ನಂದು. ನೀ ಬರದಿ ಅಂದ್ರ ನಾ ಬರದಂಗ. ಕೈ ಬರೀತೈತಿ ಅಂತ ಕೈಗೆ ಯಾರಾದ್ರೂ ಹೆಸರು ಇಡ್ತಾರೇನು?"

ಅವರು ಚಾಯದ ಕಪ್ಪನ್ನು ಅವಳತ್ತ ಸರಿಸಿದರು.

"ನೋಡು. ಅಧ್ಯಕ್ಷರಿಗೆ ಎರಡು ಸಾಲು ಮೇಲ್ ಹಾಕು. ಗಾಬರಿಯೊಳಗ ತಪ್ಪು ಹೇಳಿದೆ, ಆ ಮಾತು ಗೈಡ್ ಬಾಯಿಂದ ಕೇಳಿದ್ದೆ ಅಂತ. ಮುಗೀತು. ನನ್ನ ಹೊಸ ಪ್ರಾಜೆಕ್ಟಿನಾಗ ಮೂರು ವರ್ಷ ಇರು. ಹುದ್ದೆ ಮತ್ತ ಬರತಾವ. ನಮ್ಮ ಮಂದಿ ಹುಡುಗಿ, ನಾ ಕೈ ಬಿಡೂದಿಲ್ಲ."

"ಹಾಗೆ ಬರೆದರೆ ನಾನು ಅಲ್ಲಿ ಸುಳ್ಳು ಹೇಳಿದೆ ಅಂತ ಆಗ್ತದೆ."

"ಬರೀಲಿಲ್ಲ ಅಂದ್ರ ಕದ್ದಿ ಅಂತ ಆಕ್ಕೈತಿ. ಯಾವುದು ಛಲೋ ನೀನ ಹೇಳು."

ಮನೆಯಲ್ಲಿ ವೆಂಕಟರಮಣ ಗೈಡ್ ಪಕ್ಷಕ್ಕೇ ನಿಂತರು. ಕೆಟ್ಟ ತಂದೆಯಲ್ಲ, ನಲವತ್ತು ವರ್ಷ ಬ್ಯಾಂಕಿನಲ್ಲಿ ಮೇಲಿನವರ ತಪ್ಪಿಗೆ ಸಹಿ ಹಾಕುತ್ತ ಮನೆ ನಡೆಸಿದವರು.

"ಎರಡು ಸಾಲು ಅಲ್ವಾ ಮಗಾ. ಬರ್ದು ಬಿಸಾಡು. ಅವರೇನು ನಿನ್ನ ಕುತ್ತಿಗೆ ಕೊಯ್ತಾರಾ? ಮೂರು ವರ್ಷ ಕೆಲಸ ಕೊಡ್ತೇನೆ ಹೇಳಿದ್ದಾರೆ."

"ಸುಳ್ಳು ಬರೀಬೇಕು ಅಪ್ಪ."

"ಎಂತ ಸುಳ್ಳು, ಎಂತ ನಿಜ! ನೀನು ಅವರ ಹೆಸರಲ್ಲಿ ಬರೀತಿದ್ದದ್ದು ನಿಜವಾ? ಅಷ್ಟು ವರ್ಷ ಅದು ನಿನಗೆ ಚುಚ್ಚಲಿಲ್ಲ. ಈಗ ಒಮ್ಮೆಗೇ ಹರಿಶ್ಚಂದ್ರ ಆದ್ಯಾ?"

ಅವರು ಹೇಳಿದ್ದರಲ್ಲಿ ತಿರುಳಿತ್ತು. ಪಾವನಾ ಅದಕ್ಕೆ ಉತ್ತರ ಹುಡುಕಲು ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡಳು. ನಿರ್ಮಲ ಅಡುಗೆಮನೆಯಿಂದ, "ಅವಳನ್ನು ಊಟ ಮಾಡ್ಲಿಕ್ಕಾದ್ರೂ ಬಿಡಿ," ಎಂದಳು. ಮೇಲ್ ಮಾತ್ರ ಹೋಗಲಿಲ್ಲ.

ಹುದ್ದೆಗೆ ಅದ್ವೈತ್ ಎಂಬ ಹುಡುಗನನ್ನು ಆರಿಸಿದರು. ಯೋಗ್ಯನೇ ಇರಬೇಕು. ಪಾವನಾಳ ಮೇಲೆ ಯಾರೂ ದೂರು ಕೊಡಲಿಲ್ಲ, ವಿಚಾರಣೆ ನಡೆಸಲಿಲ್ಲ. ನಡೆಸಿದ್ದರೆ ದಿನಾಂಕಗಳನ್ನು ನೋಡಬೇಕಾಗುತ್ತಿತ್ತು, ನೋಡಿದರೆ ಇನ್ನೊಬ್ಬರ ಹೆಸರು ಬರುತ್ತಿತ್ತು. ಅದರ ಬದಲು ಮಾತು ಹರಡಿತು: ಆ ಹುಡುಗಿಯ ವಿಷಯದಲ್ಲಿ ಏನೋ ಇತ್ತು ಎಂದು. ಅವಳ ಕ್ಷೇತ್ರ ಚಿಕ್ಕದು, ಅಷ್ಟು ಸಾಕು. ಅವಳ ಪಿಎಚ್‌ಡಿಗೆ ಉಮಾಮಹೇಶ್ವರ ಅಡ್ಡಿ ಬರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವಳನ್ನು ಹೊಗಳಿದರು, ಫೋಟೋಕ್ಕೆ ಪಕ್ಕದಲ್ಲಿ ನಿಂತರು. ಅವರು ದುಷ್ಟರಾಗಿದ್ದರೆ ಈ ಕತೆ ಹೇಳಲು ಸುಲಭವಾಗುತ್ತಿತ್ತು. ಲ್ಯಾಬಿನಲ್ಲಿ ಅವಳಿಗಿದ್ದ ಕಾಂಟ್ರಾಕ್ಟ್ ಮುಗಿದಾಗ ಮಾತ್ರ ಮುಂದುವರಿಸಲಿಲ್ಲ. ಅವಳು ಅರ್ಜಿ ಹಾಕಿದ ಕಡೆಗಳಿಂದ ಕರೆ ಬರಲಿಲ್ಲ. ವರ್ಷ ಕಳೆದ ಮೇಲೆ ಹಾಕುವುದನ್ನು ನಿಲ್ಲಿಸಿದಳು.

ಈಗ ಅವಳು ಅರೂರಿನಲ್ಲಿ ಸಿಗಡಿ ರಫ್ತು ಮಾಡುವ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದಾಳೆ. ಪಾಳಿಯ ಕೆಲಸ. ಸಿಗಡಿಯಲ್ಲಿ ಔಷಧದ ಅಂಶ ಉಳಿದಿದೆಯೇ, ಐಸ್ ಮಾಡುವ ನೀರು ಶುದ್ಧವಿದೆಯೇ ಎಂದು ಪರೀಕ್ಷಿಸುವುದು. ಡಾಕ್ಟರ್ ಎಂದು ಅಲ್ಲಿ ಯಾರೂ ಕರೆಯುವುದಿಲ್ಲ, ಅವಳು ಹೇಳಿಕೊಂಡೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನಾನು ಎಡಪ್ಪಳ್ಳಿಗೆ ಹೋಗಿದ್ದೆ. ಪಾವನಾ ಮಧ್ಯಾಹ್ನದ ಪಾಳಿಗೆ ಹೊರಡುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದಳು. ಫೋನು ಬಂತು. ಕೈ ಮೇಣವಾಗಿದ್ದರಿಂದ ತಾಯಿ ಸ್ಪೀಕರ್ ಒತ್ತಿ ಪಕ್ಕದಲ್ಲಿಟ್ಟಳು.

"ಪಾವನಾ ಅವರಾ? ನಾನು ಸುಮಿತ್ರ ಮಾತಾಡ್ತಿರೋದು, ತಿರುವನಂತಪುರದಿಂದ. ನೆನಪಿದೆಯಾ?"

"ನೆನಪುಂಟು ಮೇಡಂ."

"ನಿಮ್ಮ ಥೀಸಿಸ್ ತರಿಸ್ಕೊಂಡು ಓದ್ದೆ ಕಣಮ್ಮ. ನಿಮ್ಮ ಅಳತೆ ದಿನಾಂಕಗಳನ್ನೂ ನೋಡ್ದೆ. ನಮಗಿಂತ ಎರಡು ವರ್ಷ ಮುಂಚೆಯೇ ನೀವು ಮಾಡಿದ್ರಿ. ಆವತ್ತು ನೀವು ಹೇಳಿದ್ದು ನಿಜ ಅಂತ ಗೊತ್ತಾಯ್ತು."

ಪಾವನಾ ಹಣ್ಣು ಬಿಡಿಸುವುದನ್ನು ನಿಲ್ಲಿಸಿದಳು. ವೆಂಕಟರಮಣ ಪತ್ರಿಕೆ ಕೆಳಗಿಳಿಸಿದರು.

"ಈಗ ಏನೂ ಮಾಡೋಕಾಗಲ್ಲ ಬಿಡಿ," ಎಂದರು ಸುಮಿತ್ರ. "ಸಮಿತಿ ನಡಾವಳಿ ಮುಗಿದುಹೋಗಿದೆ. ಉಮಾಮಹೇಶ್ವರ ಅವರೂ ಇನ್ನೇನು ರಿಟೈರ್ ಆಗ್ತಾರೆ. ಯಾಕೆ ಕೆದಕೋದು? ನಿಮಗೆ ಹೇಳ್ಬೇಕು ಅನ್ನಿಸ್ತು. ಇನ್ನೊಂದು ವಿಷಯ ಕೇಳೋಣ ಅಂತ ಕೂಡ."

"ಹೇಳಿ ಮೇಡಂ."

"ನಾವು ವೈಕಂ ಹತ್ರ ಬೇಸಿಗೆಯಲ್ಲೂ ಅಳೆದ್ವಿ. ನೀವು ರಿವ್ಯೂನಲ್ಲಿ ಹೇಳಿದ ಲೆಕ್ಕವನ್ನೇ ಹ್ಯಾಗಿದೆಯೋ ಹಾಗೇ ಹಾಕಿದೀವಿ. ಮಳೆಗಾಲದ್ದು ಕೂರುತ್ತೆ, ಬೇಸಿಗೆದು ಕೂರ್ತಾನೇ ಇಲ್ಲ. ಇಡೀ ತಂಡ ತಲೆ ಕೆಡಿಸ್ಕೊಂಡಿದೆ. ನೀವು ಅಷ್ಟು ವರ್ಷ ದೋಣಿಯಲ್ಲಿದ್ದೋರು. ಏನಿರಬಹುದು? ಪ್ರಬಂಧದಲ್ಲಿ ನಿಮಗೆ ಕೃತಜ್ಞತೆ ಹೇಳ್ತೀವಿ, ಈ ಸಲ ಹೆಸರು ಹಾಕಿಯೇ."

ಪಾವನಾ ಯೋಚಿಸಿದಳು. ಅವಳ ತುಟಿ ಅಲುಗಿತು. ಮಾತು ಬಾಯಿಗೆ ಬಂದಾಗ ಅವಳು ಹಾಗೆ ಮಾಡುತ್ತಾಳೆ.

"ಗೊತ್ತಿಲ್ಲ ಮೇಡಂ," ಎಂದಳು.

"ಸುಮ್ಮನೆ ಒಂದು ಅಂದಾಜು?"

"ಇಲ್ಲ ಮೇಡಂ. ಅಂದಾಜೂ ಇಲ್ಲ."

ಸುಮಿತ್ರ ಥ್ಯಾಂಕ್ಸ್ ಎಂದು ಫೋನು ಇಟ್ಟುಬಿಟ್ಟರು.

"ನಿನಗೆ ನಿಜವಾಗಿಯೂ ಗೊತ್ತಿಲ್ವಾ?" ಎಂದು ವೆಂಕಟರಮಣ ಕೇಳಿದರು.

"ಗೊತ್ತುಂಟು. ಬೇಸಿಗೆಯಲ್ಲಿ ಉಪ್ಪುನೀರು ಗದ್ದೆಗೆ ಹೋಗಬಾರದು ಅಂತ ತಣ್ಣೀರ್‌ಮುಕ್ಕಂ ಅಣೆಕಟ್ಟಿನ ಬಾಗಿಲು ಹಾಕ್ತಾರೆ. ನೀರು ಅಲ್ಲಿಗೆ ಹೊಡೆದು ವಾಪಸ್ ಬರ್ತದೆ. ಸಮಯ ಬದಲಾಗ್ತದೆ. ಅಷ್ಟೆ."

"ಮತ್ತೆ ಹೇಳ್ಬಹುದಿತ್ತಲ್ಲ ಮಾರಾಯ್ತಿ! ದೊಡ್ಡ ಜನ. ನಾಳೆ ಏನಾದ್ರೂ ಉಪಕಾರ ಮಾಡ್ತಿದ್ರು."

ಅವಳು ಮತ್ತೆ ಹಣ್ಣು ಬಿಡಿಸತೊಡಗಿದಳು. ತಪ್ಪು ಕಂಡೂ ಅವಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಸಂಶೋಧನೆಯಲ್ಲಿ ಮುಂದೆ ಬರಬೇಕಾದರೆ ಕಲಿಯಲೇಬೇಕಾದ, ಯಾವ ಕಾರ್ಯಾಗಾರದಲ್ಲೂ ಬಾಯಿಬಿಟ್ಟು ಹೇಳದ ಒಂದು ಪಾಠವನ್ನು ಅವಳು ಕಲಿತುಬಿಟ್ಟಿದ್ದಳು, ಅದರಿಂದ ಏನೂ ಉಪಯೋಗವಿಲ್ಲದ ಕಾಲದಲ್ಲಿ. ನಿರ್ಮಲ ಸೀಮೆಎಣ್ಣೆ ಅದ್ದಿದ ಬಟ್ಟೆ ಕೊಟ್ಟಳು. ಪಾವನಾ ಬೆರಳು ಬೆರಳಿನ ಮೇಣವನ್ನೂ ಒರೆಸಿ ತೆಗೆದು, ಸೋಪು ಹಾಕಿ ಕೈ ತೊಳೆದು, ಅರೂರಿನ ಬಸ್ಸಿಗೆ ಹೊರಟಳು.